ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದಾ?

ನಮಸ್ಕಾರ. ಮೆಡಿಕಲ್ ಶಾಪಿಗೆ ಹೋದರೆ ಕೌಂಟರ್ ಮೇಲೇ ಇಟ್ಟಿರುತ್ತಾರೆ, ‘ಇಮ್ಯುನಿಟಿ ಬೂಸ್ಟರ್’ ಅಂತ. ಕೊರೋನಾ ಬಂದಾಗಿನಿಂದ ಈ ಮಾತು ಎಲ್ಲರ ಬಾಯಲ್ಲೂ ಇದೆ. ರೋಗನಿರೋಧಕ ಶಕ್ತಿ ಅಂದರೆ ಸಂಪಿನ ನೀರಿನ ಹಾಗೆ, ತುಂಬಿದಷ್ಟೂ ಒಳ್ಳೆಯದು ಅಂತ ನಂಬಿಬಿಟ್ಟಿದ್ದೇವೆ. ಅದು ತಪ್ಪು. ತಪ್ಪು ಅಂತ ತೋರಿಸಲು ನನಗೆ ಎರಡು ಕಿಣ್ವ ಸಾಕು.

ಕಿಣ್ವ ಅಂದ ತಕ್ಷಣ ಊಟ ಜೀರ್ಣವಾಗುವ ಪಾಠ ನೆನಪಾಗುತ್ತದೆ, ಅಲ್ವಾ? ಆದರೆ ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಕಿಣ್ವಗಳೂ ಇವೆ. ಅವುಗಳಲ್ಲಿ ಒಂದು ಸಿಗ್ಯಾಸ್. ಅಮೆರಿಕದ ಡಲ್ಲಾಸ್‌ನಲ್ಲಿ ಜಿಜಿಯಾನ್ ಚೆನ್ ಅವರ ತಂಡ ಕಂಡುಹಿಡಿದದ್ದು. ಇದಕ್ಕಾಗಿ 2024ರಲ್ಲಿ ಚೆನ್ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮ ಡಿಎನ್ಎ ಇರಬೇಕಾದದ್ದು ನ್ಯೂಕ್ಲಿಯಸ್‌ನಂಥ ಗೊತ್ತಾದ ಜಾಗಗಳಲ್ಲಿ. ಹೊರಗಿನ ಕೋಶರಸದಲ್ಲಿ ಡಿಎನ್ಎ ತುಂಡು ಕಂಡಿತು ಅಂದರೆ ವೈರಸ್ ನುಗ್ಗಿರಬಹುದು. ಸಿಗ್ಯಾಸ್ ಆ ತುಂಡಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕೂಡಲೇ ಅದರ ಆಕಾರ ಬದಲಾಗುತ್ತದೆ. ಕೋಶದಲ್ಲೇ ಇರುವ ಎಟಿಪಿ, ಜಿಟಿಪಿ ಎಂಬ ಎರಡು ಬಗೆಯ ಅಣುಗಳನ್ನು ಜೋಡಿಸಿ ಉಂಗುರದಂಥ ಪುಟ್ಟ ಅಣು ಮಾಡುತ್ತದೆ. ಒಂದಾದ ಮೇಲೆ ಒಂದು, ಮಾಡುತ್ತಲೇ ಇರುತ್ತದೆ. ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಕೊನೆಗೆ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಹೊರಬಿದ್ದು ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುತ್ತದೆ. ಎಷ್ಟು ಚೆಂದದ ಕೆಲಸ ನೋಡಿ.

ಆದರೆ ಡಿಎನ್ಎಯಲ್ಲಿ ಬರೆದದ್ದನ್ನು ಓದುವುದು ಸಿಗ್ಯಾಸ್‌ಗೆ ಬರುವುದಿಲ್ಲ. ವೈರಸ್ಸಿನದೋ ನಮ್ಮದೋ, ಅದಕ್ಕೆ ಎಲ್ಲ ಒಂದೇ. ಹಾಗಾಗಿ ನಮ್ಮದೇ ಡಿಎನ್ಎ ಚೂರುಗಳು ಹೊರಗೆ ಬಿದ್ದರೆ ಕಡಿದು ಸ್ವಚ್ಛ ಮಾಡಲು ಇನ್ನೊಂದು ಕಿಣ್ವ ಇದೆ, ಟ್ರೆಕ್ಸ್-1.

ಟ್ರೆಕ್ಸ್-1 ಕೆಲಸ ಮಾಡದ ಮಗು ಹೇಗಿರುತ್ತದೆ ಗೊತ್ತಾ? ಆಗಾಗ ಜ್ವರ. ಎತ್ತಿಕೊಂಡರೂ ಅಳು ನಿಲ್ಲುವುದಿಲ್ಲ. ಚಳಿಗೆ ಬೆರಳ ತುದಿ, ಕಿವಿಯ ಅಂಚು ಕೆಂಪಾಗಿ ಊದಿಕೊಂಡು ಗಾಯವಾಗುತ್ತವೆ. ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲಿ ಸುಣ್ಣದಂಥ ಚುಕ್ಕೆಗಳು. ನೋಡಿದವರು ವೈರಸ್ ಸೋಂಕು ಅಂತಲೇ ಹುಡುಕುತ್ತಾರೆ. ವೈರಸ್ ಇರುವುದೇ ಇಲ್ಲ. ಇದು ಅಪರೂಪದ ಐಕಾರ್ಡಿ-ಗುಟಿಯೇರ್ ಕಾಯಿಲೆ. 1984ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ವಿವರಿಸಿದ್ದು. ಟ್ರೆಕ್ಸ್-1 ಜೀನಿನ ದೋಷದಿಂದ ಇದು ಬರುತ್ತದೆ ಅಂತ ತಿಳಿದದ್ದು 2006ರಲ್ಲಿ. ಬೇರೆ ಕೆಲವು ಜೀನುಗಳಿಂದಲೂ ಬರುತ್ತದೆ.

ಟ್ರೆಕ್ಸ್-1 ಇಲ್ಲದ ಇಲಿಗಳು ಉರಿಯೂತದಿಂದ ಸಾಯುತ್ತವೆ. ಅವುಗಳಲ್ಲಿ ಸಿಗ್ಯಾಸನ್ನೂ ತೆಗೆದು ನೋಡಿದರು. ಇಲಿಗಳು ಬದುಕಿದವು! ಅಂದರೆ ಅವುಗಳನ್ನು ಕೊಲ್ಲುತ್ತಿದ್ದದ್ದು ರೋಗಾಣು ಅಲ್ಲ, ನಿಲ್ಲದೆ ಹೊಡೆದುಕೊಳ್ಳುತ್ತಿದ್ದ ಸಿಗ್ಯಾಸ್ ಎಂಬ ಒಳಗಿನ ಎಚ್ಚರಿಕೆ ಗಂಟೆ.

ಈಗ ಹೇಳಿ, ಆ ಬಾಟಲಿ ಯಾವುದನ್ನು ‘ಬೂಸ್ಟ್’ ಮಾಡುತ್ತದೆ? ಗಂಟೆಯನ್ನೋ, ಕಸ ಗುಡಿಸುವುದನ್ನೋ? ಅಷ್ಟನ್ನಾದರೂ ಬರೆಯದೆ ಸುಮ್ನೆ ‘ಶಕ್ತಿ ಹೆಚ್ಚುತ್ತದೆ’ ಅಂತ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಈ ಮಕ್ಕಳಿಗೆ ಈಗ ಬಾರಿಸಿಟಿನಿಬ್ ಎಂಬ ಔಷಧಿ ಕೊಟ್ಟು ನೋಡುತ್ತಿದ್ದಾರೆ. ಇಂಟರ್‌ಫೆರಾನ್ ಸುದ್ದಿಯನ್ನು ಕೋಶದೊಳಕ್ಕೆ ದಾಟಿಸುವ ಕಿಣ್ವಗಳನ್ನು ಅದು ತಡೆಯುತ್ತದೆ. ಮಿದುಳಿಗೆ ಆಗಿಹೋದ ಪೆಟ್ಟು ಮಾಯುವುದು ಕಷ್ಟ. ಆದರೆ ಕೆಲವು ಮಕ್ಕಳ ಬೆರಳಿನ ಗಾಯ ಒಣಗಿದೆ.