ಗಾಂಧಿ ಬಜಾರ್‌ನ ಹತ್ತು ಮೊಳ ಮಲ್ಲಿಗೆ, ಒಂದು ಟಿ-ಟೆಸ್ಟ್

ನಮಸ್ಕಾರ. ಇದು ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ ಹೊರಗಡೆ, ಸಂಜೆ ಐದೂವರೆ. ಗಾಳಿ ಜೋರಾಗಿತ್ತು, ಅಲ್ಲಿ ನಾನು ಮಾತಾಡಿದ್ದು ಒಂದಕ್ಷರ ಕೇಳಿಸ್ತಿಲ್ಲ. ಅದಕ್ಕೇ ಪಿಜಿ ರೂಮಲ್ಲಿ ಕೂತು ವಿಡಿಯೋ ನೋಡ್ತಾ ಮಾತು ಹಾಕ್ತಿದೀನಿ.

ಈ ಸೆಮಿಸ್ಟರ್‌ನಲ್ಲಿ ನಮಗೆ ಅನ್ವಯಿಕ ಸಂಖ್ಯಾಶಾಸ್ತ್ರ ಅಂತ ಒಂದು ಪೇಪರ್ ಇದೆ. ಅದಕ್ಕೊಂದು ಸಣ್ಣ ಪ್ರಾಜೆಕ್ಟ್. ಡೇಟಾ ನಾವೇ ತರಬೇಕು, ಇಂಟರ್ನೆಟ್‌ನಿಂದ ಇಳಿಸಿದ್ದು ನಡೆಯಲ್ಲ. ಕ್ಲಾಸಲ್ಲಿ ಅರ್ಧ ಜನ "ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀರಾ" ಅಂತ ಫಾರ್ಮ್ ಕಳಿಸಿಬಿಟ್ರು. ನಂಗದು ಸ್ವಲ್ಪಾನೂ ಇಷ್ಟ ಆಗ್ಲಿಲ್ಲ. ಜನ ಆ ಕ್ಷಣಕ್ಕೆ ತೋಚಿದ್ದು ತುಂಬ್ತಾರೆ, ನಾವು ಅದಕ್ಕೆ ಸರಾಸರಿ ತೆಗೀತೀವಿ. ನಂಗೆ ಟೇಪ್ ಹಿಡಿದು ಅಳೆಯೋಕಾಗೋ ವಸ್ತು ಬೇಕಿತ್ತು.

ಅದೇ ಇದು. ಮೊಳ. ನೋಡಿ, ಈ ಅಮ್ಮ ಅಳೀತಿರೋದು. ಮೊಣಕೈ ತುದಿಗೆ ದಾರ ಒತ್ತಿ ಹಿಡೀತಾರೆ, ನಡುಬೆರಳ ತುದಿವರೆಗೂ ಎಳೀತಾರೆ, ಅಲ್ಲಿಗೆ ನಿಲ್ಲಿಸಲ್ಲ, ಬೆರಳು ದಾಟಿ ಎರಡು ಮೊಗ್ಗು ಮುಂದೆ ಹೋಗಿ ದಾರ ಕಿತ್ತು ಗಂಟು ಹಾಕ್ತಾರೆ. ಆ ಎರಡು ಮೊಗ್ಗೇ ಕೊಸರು. ನಮ್ಮಜ್ಜಿ ಲೆಕ್ಕದಲ್ಲಿ ಒಂದು ಮೊಳ ಅಂದ್ರೆ ಒಂದೂವರೆ ಅಡಿ, ಹೆಚ್ಚು ಕಡಿಮೆ 45 ಸೆಂಟಿಮೀಟರ್. ನನ್ನ ಪ್ರಶ್ನೆ ಇಷ್ಟೇ: ಗಾಂಧಿ ಬಜಾರ್‌ನಲ್ಲಿ ಮಾರೋ ಮೊಳ ನಿಜಕ್ಕೂ 45 ಇದೆಯಾ, ಇಲ್ಲ ಬೇರೆ ಏನಾದ್ರೂನಾ?

ಹತ್ತು ಜನರ ಹತ್ರ ಒಂದೊಂದು ಮೊಳ. ಆರು ಜನ 40 ರೂಪಾಯಿ ಅಂದ್ರು, ನಾಲ್ಕು ಜನ 50. ಒಟ್ಟು 440. ಯುಗಾದಿ ಮುಗಿದ ಮೇಲೆ ಹೋಗಿದ್ದಕ್ಕೆ ಬಚಾವ್, ಹಬ್ಬದ ಹಿಂದಿನ ದಿನ ಆಗಿದ್ರೆ ಈ ಪ್ರಾಜೆಕ್ಟೇ ಇರ್ತಿರಲಿಲ್ಲ. ಅಳತೆ ಅಂತ ಮೊದಲೇ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಕೈ ಬೇರೆ ಥರ ಓಡುತ್ತೆ. ಕೊಂಡ ಮೇಲೆ ಹೇಳಿ, ವಿಡಿಯೋಗೆ ಒಪ್ಪಿಗೆ ಕೇಳಿದೆ. ಇಬ್ಬರು ಬೇಡ ಅಂದ್ರು, ಅವರು ಇದರಲ್ಲಿಲ್ಲ.

ಇದು ರೂಮ್. ನೆಲದ ಮೇಲೆ ಟೈಲರ್ ಟೇಪ್. ದಾರ ಎಳೆದ್ರೆ ಒಂದು ಸೆಂಟಿಮೀಟರ್ ಉದ್ದ ಆಗುತ್ತೆ, ಸಡಿಲ ಬಿಟ್ರೆ ಸೊಟ್ಟ ಆಗುತ್ತೆ. ಅದಕ್ಕೇ ಒಂದು ತುದಿಗೆ ಡಿಕ್ಷನರಿ ಇಟ್ಟು, ಇನ್ನೊಂದು ತುದಿ ಬರೀ ನೇರ ಮಾಡಿ ಕೈ ಬಿಟ್ಟು ಓದಿದೆ. ಹತ್ತಕ್ಕೂ ಅದೇ ರೀತಿ. 43, 44, 45, 45, 46, 47, 47, 48, 49, 51. ಸರಾಸರಿ 46.5. ಕೊನೇದು 51 ನೋಡಿ, ಆ ಅಣ್ಣ ಆರಡಿ ಎತ್ತರ ಇದ್ದರು.

ಈಗ ಜೆರಾಕ್ಸ್ ಕಥೆ. ಇದಕ್ಕೆ ಸ್ವಲ್ಪ ಹೊತ್ತು ತಗೋತೀನಿ, ಯಾಕಂದ್ರೆ ಮೂರು ದಿನ ನನ್ನ ತಲೆ ಕೆಡಿಸಿದ್ದು ಇದೇ.

ಟಿ-ಟೆಸ್ಟ್ ಅಂದ್ರೆ, ಕೆಲವೇ ಅಳತೆಗಳ ಸರಾಸರಿ 45ರಿಂದ ದೂರ ಇರೋದು ಬರೀ ಆಕಸ್ಮಿಕನಾ ಅಂತ ನೋಡೋ ಪರೀಕ್ಷೆ. ಲೆಕ್ಕ ನೇರ ಇದೆ. ಸರಾಸರಿಯಲ್ಲಿ 45 ಕಳೆದ್ರೆ 1.5. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು, 2.415, ಅದನ್ನ ಹತ್ತರ ವರ್ಗಮೂಲದಿಂದ ಭಾಗಿಸಿದ್ರೆ 0.764. 1.5 ಭಾಗಿಸು 0.764, ಟಿ ಬೆಲೆ 1.96. ಇನ್ನು ಟಿ ಎಷ್ಟನ್ನ ದಾಟಿದ್ರೆ ಆಕಸ್ಮಿಕ ಅಲ್ಲ ಅನ್ನಬಹುದು ಅಂತ ಟೇಬಲ್ ನೋಡಬೇಕು, ಡಿಗ್ರೀಸ್ ಆಫ್ ಫ್ರೀಡಮ್ ಒಂಬತ್ತು. ಯಾಕೆ ಹತ್ತಲ್ಲ ಅಂತ ಕಳೆದ ವಿಡಿಯೋದಲ್ಲಿ ತುಂಬ ಜನ ಕೇಳಿದ್ರಿ. ಹತ್ತು ಜನ ಹೋಟೆಲ್ ಬಿಲ್ ಹಂಚ್ಕೊಂಡ ಹಾಗೆ ಅಂದ್ಕೊಳ್ಳಿ. ಒಂಬತ್ತು ಜನ ಎಷ್ಟೆಷ್ಟು ಕೊಟ್ರು ಅಂತ ಗೊತ್ತಾದ್ರೆ ಹತ್ತನೆಯವರ ಪಾಲು ತಾನಾಗೇ ಗೊತ್ತಾಗುತ್ತೆ, ಅವರಿಗೆ ಸ್ವಾತಂತ್ರ್ಯ ಇಲ್ಲ. ಇಲ್ಲೂ ಹಾಗೇ. ಸರಾಸರಿಯಿಂದ ಹತ್ತು ಸಂಖ್ಯೆಗಳ ವ್ಯತ್ಯಾಸ ಕೂಡಿಸಿದ್ರೆ ಸೊನ್ನೆ ಬರಲೇಬೇಕು, ಹಾಗಾಗಿ ಸ್ವತಂತ್ರವಾಗಿರೋದು ಒಂಬತ್ತೇ.

ಟೇಬಲ್ ಇದು. ಕಾಲೇಜ್ ಎದುರಿನ ಒಂದು ಅಂಗಡೀಲಿ ಮಾಡಿಸಿದ್ದು, ಪುಟಕ್ಕೆ ಎರಡು ರೂಪಾಯಿ. ಹತ್ತಿರ ತೋರಿಸ್ತೀನಿ. ಪುಸ್ತಕ ಸೊಟ್ಟಗಿಟ್ಟು ಒತ್ತಿದಾರೆ. ಮೇಲಿನ ಎಡ ಮೂಲೆ ಪೂರ್ತಿ ಕಪ್ಪು. ಮೂಲ ಪುಸ್ತಕದಲ್ಲಿ ತಲೆಮೇಲೆ ಎರಡು ಸಾಲು ಇದೆ: ಒಂದು ಟೂ-ಟೇಲ್‌ಗೆ (45ಕ್ಕಿಂತ ಹೆಚ್ಚಾ, ಕಡಿಮೆಯಾ ಅಂತ ಎರಡೂ ಕಡೆ ನೋಡೋದು), ಅದರ ಕೆಳಗೆ ಇನ್ನೊಂದು ಒನ್-ಟೇಲ್‌ಗೆ (ಒಂದೇ ಕಡೆ ನೋಡೋದು). ನನ್ನ ಹಾಳೇಲಿ ಮೇಲಿನ ಸಾಲು ಹಾರಿಹೋಗಿದೆ. ಕೆಳಗಿನದು ಉಳಿದಿದೆ, ಆದ್ರೆ ಅದರ ಹೆಸರಿರೋ ಮೂಲೆ ಆ ಕಪ್ಪಲ್ಲಿದೆ. ಬರೀ 0.10, 0.05, 0.025 ಅಂತ ಸಂಖ್ಯೆ ಕಾಣುತ್ತೆ. ನಾನು 0.05, ಅಂದ್ರೆ ಐದು ಪರ್ಸೆಂಟ್ ತಪ್ಪಿಗೆ ಜಾಗ, ಅದರ ಕೆಳಗೆ ಒಂಬತ್ತನೇ ಸಾಲಲ್ಲಿ ಬೆರಳಿಟ್ಟೆ. 1.833. ನನ್ನ 1.96 ಅದಕ್ಕಿಂತ ದೊಡ್ಡದು. ನಲ್ ಹೈಪಾಥಿಸಿಸ್, ಅಂದ್ರೆ ಮೊಳ 45 ಅನ್ನೋ ಊಹೆ, ತಿರಸ್ಕಾರ, ಮೊಳ 45 ಅಲ್ಲ ಅಂತ ಸಾಬೀತು! ಆ ಖುಷೀಲಿ ಒಂದು ಪೂರ್ತಿ ವಿಡಿಯೋ ಮಾಡಿದ್ದೆ. ಅದನ್ನ ಅಳಿಸಿದೀನಿ.

ಲ್ಯಾಬಲ್ಲಿ ಮೇಡಂ ರೆಕಾರ್ಡ್ ನೋಡ್ತಾ ಕೇಳಿದ್ದು ಒಂದೇ ಪ್ರಶ್ನೆ, "ಈ 1.833 ಎಲ್ಲಿಂದ ಬಂತು?" ಪಕ್ಕದವಳ ಪುಸ್ತಕ ತೆಗೆದು ನೋಡಿದೆ. ನನ್ನ ಪ್ರಶ್ನೆ ಎರಡೂ ಕಡೆಯದು, ಅಂಥ ಟೂ-ಟೇಲ್ ಟೆಸ್ಟಿಗೆ 0.05ರಲ್ಲಿ 2.262. ನನ್ನ 1.96 ಅದರ ಕೆಳಗೆ. ತಿರಸ್ಕರಿಸೋ ಹಾಗಿಲ್ಲ.

ಎರಡು ರೂಪಾಯಿ ಹಾಳೆ, ಅರ್ಧ ಇಂಚು ಕಪ್ಪು. ನಂಗೆ ನಿಜವಾಗ್ಲೂ ಕೋಪ ಬಂತು. ಅಂಗಡಿಯವರ ಮೇಲೂ ಬಂತು, ದುಡ್ಡು ಕೊಡುವಾಗ ಹಾಳೆ ನೋಡದ ನನ್ನ ಮೇಲೂ ಬಂತು. ಈ ಕಾಲದಲ್ಲಿ ಟೇಬಲ್ ಯಾಕೆ, ಕಂಪ್ಯೂಟರ್ ಪಿ-ವ್ಯಾಲ್ಯೂ (ಮೊಳ ನಿಜಕ್ಕೂ 45 ಆಗಿದ್ರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರೋ ಸಾಧ್ಯತೆ) ಕೊಡುತ್ತಲ್ಲ, ಟೇಬಲ್ ನಿಲ್ಲಿಸಿಬಿಡಿ ಅಂತ ಆವತ್ತು ಕ್ಯಾಂಟೀನಲ್ಲಿ ದೊಡ್ಡದಾಗಿ ವಾದ ಮಾಡಿದೆ.

ಆಮೇಲೆ ರಾತ್ರಿ ಬೇರೆ ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಒನ್-ಟೇಲ್ ಅಂತ ಬದಲಾಯಿಸಿದ್ರೆ? ಹೂವಿನವರು ಕೊಸರು ಹಾಕ್ತಾರೆ ಅಂತ ಊರಿಗೇ ಗೊತ್ತು. "ಮೊಳ 45ಕ್ಕಿಂತ ಜಾಸ್ತಿ ಇದೆಯಾ" ಅಂತ ಪ್ರಶ್ನೆ ತಿದ್ದಿದ್ರೆ 1.833 ಸರಿಯಾದ ಸಂಖ್ಯೆಯೇ ಆಗುತ್ತೆ, ನನ್ನ ಫಲಿತಾಂಶ ಉಳಿಯುತ್ತೆ. ಪೆನ್ಸಿಲ್ಲಲ್ಲಿ ಬರೆದಿದ್ದೆ, ಅಳಿಸಿದ್ರೆ ಯಾರಿಗೂ ಗೊತ್ತಾಗಲ್ಲ. ರಬ್ಬರ್ ಕೈಲಿತ್ತು.

ಅಳಿಸಲಿಲ್ಲ. ಹತ್ತು ಸಂಖ್ಯೆ ನೋಡಿ ಆದ್ಮೇಲೆ, ಅವು ಯಾವ ಕಡೆ ವಾಲಿವೆ ಅಂತ ತಿಳಿದ್ಮೇಲೆ, ಆ ಕಡೆಗೇ ಪ್ರಶ್ನೆ ತಿರುಗಿಸೋದು ಟೆಸ್ಟ್ ಅಲ್ಲ. ಡೇಟಾ ಕಡಿಮೆ ಕಡೆ ವಾಲಿದ್ರೆ ನಾನು "45ಕ್ಕಿಂತ ಕಡಿಮೆ, ಗ್ರಾಹಕರಿಗೆ ಮೋಸ" ಅಂತ ಆ ಬಾಲ ಹಿಡೀತಿದ್ದೆ. ಎರಡೂ ಕಡೆ ಐದೈದು ಪರ್ಸೆಂಟ್ ತಪ್ಪಿಗೆ ಜಾಗ ಕೊಟ್ಟು, ರೆಕಾರ್ಡಲ್ಲಿ ಬರೀ ಐದು ಅಂತ ಬರೆದ ಹಾಗಾಯ್ತು. ನಿಜದಲ್ಲಿ ಅದು ಹತ್ತು. ಕತ್ತರಿಸಿ ಹೋದ ಆ ಮೇಲಿನ ಸಾಲಲ್ಲಿ 1.833 ಮೇಲೆ ಇರೋದು 0.10 ಅಂತಾನೇ! ಪುಸ್ತಕದಲ್ಲಿ ಆ ಎರಡು ಸಾಲು ಒಂದರ ಮೇಲೊಂದು ನೋಡಿದಾಗ ನಂಗೆ ಅರ್ಥ ಆಗಿದ್ದು, ಮೂರು ವಾರ ಕ್ಲಾಸಲ್ಲಿ ಕೂತಾಗ ಆಗಿರಲಿಲ್ಲ. ಹಾಗಾಗಿ ಟೇಬಲ್ ನಿಲ್ಲಿಸಿ ಅಂದಿದ್ದು ವಾಪಸ್. ಟೇಬಲ್ ಇರಲಿ. ಕಂಪ್ಯೂಟರ್ ಆಗಿದ್ರೆ 0.08 ಅಂತ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗ್ತಿತ್ತು.

ಈ ಶಾಟ್ ಸುಮ್ನೆ, ಬುಟ್ಟಿ ತುಂಬ ಮಲ್ಲಿಗೆ. ಇದು ಓಡುವಾಗ ಒಂದು ವಿಷಯ ಹೇಳ್ತೀನಿ. ಮಲ್ಲಿಗೆ ಅಂದ್ರೆ ಹೂವಿನ ಹಡಗಲಿ, ಹೆಸರಲ್ಲೇ ಹೂವಿದೆ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ಅದೇ ಊರಲ್ಲಿ, 1920ರ ಸೆಪ್ಟೆಂಬರ್ 10ಕ್ಕೆ. ಆಗ ಅದು ಮದ್ರಾಸ್ ಪ್ರಾಂತ್ಯ, ಈಗ ನಮ್ಮ ವಿಜಯನಗರ ಜಿಲ್ಲೆ. ಪಕ್ಷಪಾತ ಇಲ್ಲದ ಅಂದಾಜು ಇಂತಿಷ್ಟಕ್ಕಿಂತ ನಿಖರ ಆಗಲಾರದು ಅಂತ ಒಂದು ಗೆರೆ ಎಳೆದ ಅವರ ಪೇಪರ್ ಬಂದಿದ್ದು 1945ರಲ್ಲಿ, ಇಪ್ಪತ್ತೈದರ ಆಸುಪಾಸಿನ ವಯಸ್ಸು. ಕ್ರಾಮರ್-ರಾವ್ ಅಂತ ಪ್ರಪಂಚದ ಎಲ್ಲಾ ಪಠ್ಯದಲ್ಲೂ ಇದೆ. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಲ್ಲಿ ತೀರಿಕೊಂಡ್ರು, 102 ವರ್ಷ. ನಮ್ಮ ಕ್ಲಾಸಲ್ಲಿ ಅರವತ್ತು ಜನ ಇದೀವಿ, ಅವರು ಹಡಗಲಿಯಲ್ಲಿ ಹುಟ್ಟಿದ್ದು ಅಂತ ಗೊತ್ತಿದ್ದದ್ದು ಇಬ್ಬರಿಗೆ. ನಂಗೆ ಅದು ಸಂಕಟ ಆಗುತ್ತೆ. ಸ್ಕೂಲ್ ಗೋಡೆ ಮೇಲೆ ಅವರ ಫೋಟೋ ಇರಬೇಕಿತ್ತು. ಇನ್ನು ಈ ಟಿ-ಟೆಸ್ಟ್ ಕೊಟ್ಟ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದವರು, 1908ರಲ್ಲಿ "ಸ್ಟೂಡೆಂಟ್" ಅನ್ನೋ ಹೆಸರಲ್ಲಿ ಪ್ರಕಟಿಸಿದ್ರು. ಬಾರ್ಲಿ ಮೇಲೆ ಸಣ್ಣ ಸಣ್ಣ ಪ್ರಯೋಗ, ಕೈಲಿ ಕೆಲವೇ ಅಳತೆ, ಅದಕ್ಕೆ... ಅಯ್ಯೋ ಬುಟ್ಟಿ ಮುಗೀತು, ವಾಪಸ್ ಬರೋಣ.

ಇದು ತಿದ್ದಿದ ರೆಕಾರ್ಡ್. 95 ಪರ್ಸೆಂಟ್ ಅಂತರ, ಅಂದ್ರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ: 44.8ರಿಂದ 48.2. ನಂಗೀಗ ಟೆಸ್ಟಿಗಿಂತ ಈ ಸಾಲೇ ಇಷ್ಟ. 45 ಇದರೊಳಗಿದೆ, ಅಂಚಲ್ಲಿ. ಮೊಳ 45 ಅಂತ ಸಾಬೀತಾಯ್ತು ಅಂತ ಅಲ್ಲ, ಕಾಮೆಂಟಲ್ಲಿ ಹಾಗೆ ಬರೀಬೇಡಿ. 47 ಕೂಡ ಇದರೊಳಗಿದೆ. ಹತ್ತೇ ಮೊಳದಿಂದ ಅಷ್ಟೇ ಹೇಳೋಕಾಗೋದು. ಅದೂ ಒಂದೇ ಬೀದಿ, ಒಂದೇ ಸಂಜೆ, ನನ್ನ ಕಣ್ಣಿಗೆ ಬಿದ್ದ ಹತ್ತು ಜನ. ಬೆಂಗಳೂರಿನ ಮೊಳ ಅಂತ ಶೀರ್ಷಿಕೆ ಹಾಕಿದ್ದೆ, "ಗಾಂಧಿ ಬಜಾರ್" ಅಂತ ತಿದ್ದಿದೆ.

ಹೂವು ಏನ್ಮಾಡ್ದೆ ಅಂತ ಕೇಳ್ತೀರಾ. ಪಿಜಿಯಲ್ಲಿ ಎಲ್ಲರಿಗೂ ಒಂದೊಂದು. 51 ಸೆಂಟಿಮೀಟರಿಂದು ಅಡುಗೆ ಆಂಟಿಗೆ.

ಇದು ಶನಿವಾರ, ಮಲ್ಲೇಶ್ವರಂ ಎಂಟನೇ ಕ್ರಾಸ್. ಈ ಸಲ ಇಪ್ಪತ್ತೈದು ಮೊಳ. ಒಬ್ಬಳಿಗೆ ಸಾವಿರದ ನೂರರ ಮೇಲೆ ಆಗ್ತಿತ್ತು, ಹಾಗಾಗಿ ಐದು ಜನ ಸೇರಿ ಬಂದ್ವಿ. ಅಂಗಡಿಗಳನ್ನ ಮೊದಲು ಈ ತುದಿಯಿಂದ ಆ ತುದಿವರೆಗೂ ಎಣಿಸಿ ನಂಬರ್ ಕೊಟ್ಟು, ಚೀಟಿ ಎತ್ತಿದೀವಿ. ಹಳೇ ಹತ್ತು ಸಂಖ್ಯೆ ಇದಕ್ಕೆ ಸೇರಿಸಲ್ಲ. ಕೊಸರಿನ ಅನುಮಾನ ಹುಟ್ಟಿದ್ದೇ ಅವುಗಳಿಂದ. ಅದನ್ನ ಅವುಗಳ ಮೇಲೇ ಪರೀಕ್ಷೆ ಮಾಡೋ ಹಾಗಿಲ್ಲ.

ಇದು ಮೆಟ್ಟಿಲ ಮೇಲೆ ಕೂತು ಬರೀತಿರೋದು, ಪೆನ್ನಲ್ಲಿ. "ಎಂಟನೇ ಕ್ರಾಸ್‌ನ ಮೊಳದ ಸರಾಸರಿ 45ಕ್ಕಿಂತ ಹೆಚ್ಚು. ಒನ್-ಟೇಲ್. 0.05. ಡಿಗ್ರೀಸ್ ಆಫ್ ಫ್ರೀಡಮ್ 24, ದಾಟಬೇಕಾದ್ದು 1.711." ಕೆಳಗೆ ದಿನಾಂಕ, ಐದೂ ಜನರ ಸಹಿ. ಸಹಿ ಆದ್ಮೇಲೇ ಮೊದಲ ಅಂಗಡಿ. ಚೀಟಿಯಲ್ಲಿ ಬಂದಿದ್ದು ಹದಿನೇಳನೇ ನಂಬರ್, ಆ ನೀಲಿ ಛತ್ರಿ ಕೆಳಗೆ ಕೂತಿರೋರು. ಒಂದು ಮೊಳ ಕೊಡಿ ಅಮ್ಮಾ ಅಂದೆ, ದಾರ ಮೊಣಕೈಗೆ ಒತ್ತಿದ್ರು.