ಮೂರನೆಯ ಫಲಕ: ಕಸುಬು ಕಲಿಸಿದವರಿಗೆ ಸಿಗುವುದೇನು?

[ಪರದೆಯ ಮೇಲೆ: ಬೆಂಚ್ ವೈಸ್‌ಗೆ ಬಿಗಿದ ಕಬ್ಬಿಣದ ತುಂಡು, ಫೈಲ್ ಉಜ್ಜುವ ಸದ್ದು]

ನಮಸ್ಕಾರ. ಐಟಿಐ ಒಂದರಲ್ಲಿ ಫಿಟ್ಟರ್ ವಿಭಾಗದ ತರಬೇತುದಾರರಾಗಿರುವ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ: "ಕಸುಬು ಕಲಿತವನಿಗೆ ಕೆಲಸ ಸಿಗುತ್ತದೆ, ಸಂಬಳ ಸಿಗುತ್ತದೆ. ಕಲಿಸಿದವನಿಗೆ ಸಿಗುವುದೇನು?" ಪುಣ್ಯ, ಆತ್ಮತೃಪ್ತಿ, ಶಿಷ್ಯರ ಪ್ರೀತಿ ಎಂದು ಉತ್ತರಿಸಲು ಹೊರಟವನು ತಡೆದು ನಿಂತೆ. ಶಾಲು ಹೊದಿಸಿ, ಹಾರ ಹಾಕಿ, ವೇದಿಕೆಯ ಮೇಲೆ ಹೇಳುವ ಉತ್ತರಗಳವು; ಅವುಗಳನ್ನು ಆ ಮೇಷ್ಟ್ರು ನನಗಿಂತ ಹೆಚ್ಚು ಸಲ ಕೇಳಿರುತ್ತಾರೆ.

ಹಿನ್ನೆಲೆಯನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ, ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ, ಫಿಟ್ಟರ್ ತರಬೇತಿಯ ಅವಧಿ 2 ವರ್ಷ. ಇನ್ನು ವಿಷಯಕ್ಕೆ ಬರೋಣ.

ಫಿಟ್ಟರ್ ವಿಭಾಗಕ್ಕೆ ಸೇರಿದ ಹುಡುಗನ ಕೈಗೆ ಮೊದಲು ಬರುವುದು ದೊಡ್ಡ ಯಂತ್ರವಲ್ಲ, ಒಂದು ಫೈಲ್, ಅಂದರೆ ಲೋಹ ಉಜ್ಜುವ ಅರ, ಮತ್ತು ಮೈಲ್ಡ್ ಸ್ಟೀಲಿನ ಒಂದು ತುಂಡು. ಆ ತುಂಡಿನ ಮುಖವನ್ನು ಸಮತಟ್ಟಾಗಿ ಉಜ್ಜಬೇಕು, ಅಷ್ಟೇ. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಅಂಚುಗಳ ಬಳಿ ಬೆಳಕು ನುಸುಳುತ್ತದೆ, ಮಧ್ಯದಲ್ಲಿ ನುಸುಳುವುದಿಲ್ಲ. ಅಂದರೆ ನಡುಭಾಗ ಆಮೆಯ ಬೆನ್ನಿನಂತೆ ಉಬ್ಬಿಕೊಂಡಿದೆ. ಮರುದಿನ ಮತ್ತೆ ಉಜ್ಜಿದರೂ ಅದೇ ಆಮೆ.

ಏಕೆ ಹೀಗಾಗುತ್ತದೆ? ಫೈಲನ್ನು ಮುಂದಕ್ಕೆ ತಳ್ಳುವಾಗ ಮೊದಲು ಎಡಗೈಯ ಒತ್ತಡ ಹೆಚ್ಚಿರಬೇಕು, ನಡುವಿಗೆ ಬಂದಾಗ ಎರಡೂ ಕೈಗಳದು ಸಮನಾಗಬೇಕು, ಕೊನೆಯಲ್ಲಿ ಬಲಗೈಯದು ಹೆಚ್ಚಬೇಕು. ಹಾಗಾಗದಿದ್ದರೆ ಫೈಲು ಏತದಂತೆ ತೂಗಾಡಿ ಅಂಚುಗಳನ್ನೇ ತಿನ್ನುತ್ತದೆ. ಪಳಗಿದ ಫಿಟ್ಟರ್ ಇದನ್ನು ದಿನವೂ ಮಾಡುತ್ತಾನೆ, ಆದರೆ ಮಾಡುತ್ತಿದ್ದೇನೆಂಬುದು ಅವನಿಗೇ ಮರೆತುಹೋಗಿರುತ್ತದೆ. "ಸರ್, ನನ್ನದು ಯಾಕೆ ಉಬ್ಬುತ್ತೆ?" ಎಂದು ಹುಡುಗನೊಬ್ಬ ಕೇಳಿದಾಗ ಮೇಷ್ಟ್ರು ತಮ್ಮ ಎಡಗೈಯನ್ನು ಎಷ್ಟೋ ವರ್ಷಗಳ ನಂತರ ಮತ್ತೊಮ್ಮೆ ಗಮನಿಸಬೇಕಾಗುತ್ತದೆ. ಮನುಷ್ಯ ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ಅರಿತಿರುತ್ತಾನೆ ಎಂದು ತತ್ತ್ವಜ್ಞಾನಿ ಮೈಕೆಲ್ ಪೊಲಾನ್ಯಿ ವಾದಿಸಿದ್ದರು. ಆ ಹೆಚ್ಚಿನದನ್ನು ಬಾಯಿಗೆ ತರಿಸುವವನು, ಬಂದು ವಾರವಷ್ಟೇ ಆಗಿರುವ ಈ ಶಿಷ್ಯ.

[ಪರದೆಯ ಮೇಲೆ: ಮೂರು ಲೋಹದ ಫಲಕಗಳು — ಒಂದು, ಎರಡು, ಮೂರು]

ಈಗ ನನ್ನನ್ನು ಎರಡು ದಿನ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ. ಸಂಕಲನಕಾರರು ಇದನ್ನು ಮೊಟಕುಗೊಳಿಸಲು ಹೇಳಿದರು, ನಾನು ಒಪ್ಪಲಿಲ್ಲ.

ತುಂಡು ಸಮತಟ್ಟಾಗಿದೆಯೇ ಎಂದು ನೋಡಲು ಅದನ್ನು ಸರ್ಫೇಸ್ ಪ್ಲೇಟ್ ಎಂಬ ಅತಿ ಸಮತಲವಾದ ಫಲಕದ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ಹಾಗಾದರೆ ಆ ಫಲಕ ಸಮತಲವಾಗಿದೆ ಎಂದು ಹೇಳಿದವರು ಯಾರು? ಇನ್ನೊಂದು ಫಲಕ ಎಂದರೆ, ಅದನ್ನು ಪರೀಕ್ಷಿಸಿದ್ದು ಯಾವುದು? ಭೂಮಿಯನ್ನು ಆದಿಶೇಷ ಹೊತ್ತಿದ್ದಾನೆ, ಆದಿಶೇಷನನ್ನು ಯಾರು ಹೊತ್ತಿದ್ದಾರೆ ಎಂದು ಮಕ್ಕಳು ಕೇಳುವ ಪ್ರಶ್ನೆಯಂತೆಯೇ ಇದು.

ಎರಡು ಫಲಕಗಳನ್ನು ತೆಗೆದುಕೊಂಡು, ಒಂದಕ್ಕೆ ಪ್ರಷ್ಯನ್ ಬ್ಲೂ ಬಣ್ಣ ಸವರಿ, ಇನ್ನೊಂದರ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೆರೆದು ತೆಗೆಯುತ್ತಾ ಹೋದರೆ, ಕೊನೆಗೆ ಅವೆರಡೂ ಒಂದಕ್ಕೊಂದು ಚೆನ್ನಾಗಿ ಕೂಡಿಕೊಳ್ಳುತ್ತವೆ. ಆದರೆ ಕೂಡಿಕೊಂಡ ಮಾತ್ರಕ್ಕೆ ಅವು ಸಮತಲವಲ್ಲ. ಒಂದು ಉಬ್ಬಿದ್ದು ಇನ್ನೊಂದು ಅಷ್ಟೇ ತಗ್ಗಾಗಿದ್ದರೂ ಅವು ಹಾಗೆಯೇ ಕೂಡಿಕೊಳ್ಳುತ್ತವೆ. ಅಡುಗೆಮನೆಯಲ್ಲಿ ಎರಡು ಸೌಟುಗಳು ಒಂದರೊಳಗೊಂದು ಅಚ್ಚುಕಟ್ಟಾಗಿ ಕೂರುವುದಿಲ್ಲವೇ? ಅದರಿಂದ ಸೌಟು ಚಪ್ಪಟೆಯಾಗಿದೆ ಎಂದು ಯಾರೂ ಹೇಳುವುದಿಲ್ಲ.

ಆದ್ದರಿಂದ ಮೂರನೆಯ ಫಲಕ ಬೇಕು. ಮೂರನೆಯದನ್ನು ಮೊದಲನೆಯದಕ್ಕೆ ಕೂಡುವಂತೆ ಕೆರೆಯಿರಿ. ಮೊದಲನೆಯದು ಉಬ್ಬಾಗಿದ್ದರೆ ಎರಡನೆಯದೂ ತಗ್ಗು, ಮೂರನೆಯದೂ ತಗ್ಗು. ಈಗ ಎರಡನೆಯದನ್ನೂ ಮೂರನೆಯದನ್ನೂ ಮುಖಾಮುಖಿಯಾಗಿ ಇಡಿ. ಎರಡು ಸೌಟುಗಳನ್ನು ಬಾಯಿಗೆ ಬಾಯಿ ಸೇರಿಸಿದರೆ ನಡುವೆ ಲಡ್ಡು ಹಿಡಿಸುವಷ್ಟು ಟೊಳ್ಳು ಇರುತ್ತದಲ್ಲ, ಹಾಗೆ ಅಷ್ಟು ಹೊತ್ತು ಅಡಗಿದ್ದ ದೋಷ ಇಮ್ಮಡಿಯಾಗಿ ಎದುರಿಗೆ ಬರುತ್ತದೆ. ಯಾವ ಎರಡನ್ನು ಜೋಡಿಸಿದರೂ ಕೂಡಿಕೊಳ್ಳುವವರೆಗೆ ಮೂರನ್ನೂ ಸರದಿಯಂತೆ ಕೆರೆಯುತ್ತಾ ಹೋದರೆ ಮೂರೂ ಸಮತಲವಾಗುತ್ತವೆ. (ತಿರುಚಿಕೊಂಡ ಫಲಕವನ್ನು ಹಿಡಿಯಲು ಫಲಕಗಳನ್ನು ತಿರುಗಿಸಿಯೂ ಇಟ್ಟು ನೋಡಬೇಕು, ಎಂಜಿನಿಯರುಗಳು ಪತ್ರ ಬರೆಯುವ ಮೊದಲೇ ಹೇಳಿಬಿಟ್ಟಿದ್ದೇನೆ.) ನನಗೆ ಬೆರಗು ಹುಟ್ಟಿಸುವುದು ಇದು: ಇಲ್ಲಿ ದೋಷವಿಲ್ಲದ ಫಲಕ ಒಂದೂ ಇರಲಿಲ್ಲ, ಮೂರು ಡೊಂಕು ಫಲಕಗಳು ಪರಸ್ಪರ ತಿದ್ದಿಕೊಂಡೇ ನೇರವಾದವು.

ಗುರು ಮೊದಲನೆಯ ಫಲಕ ಎಂದುಕೊಳ್ಳಿ, ಜೊತೆಗೇ ಇದ್ದು ಕಲಿತ ಮಗನೋ ಮೊದಲ ಶಿಷ್ಯನೋ ಎರಡನೆಯದು. ಗುರುವಿನ ಉಬ್ಬಿಗೆ ಶಿಷ್ಯ ತಗ್ಗಿ ಹೊಂದಿಕೊಂಡುಬಿಟ್ಟಿರುತ್ತಾನೆ, ಹಾಗಾಗಿ ಇಬ್ಬರಿಗೂ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಹೊರಗಿನಿಂದ ಹೊಸಬನೊಬ್ಬ ಬಂದು, "ಇದನ್ನು ಹೀಗೇ ಏಕೆ ಮಾಡಬೇಕು?" ಎಂದು ಕೇಳಿದಾಗಲೇ ಟೊಳ್ಳು ಕಾಣುವುದು. ಆಗ ತಿದ್ದಿಕೊಳ್ಳುವ ಸರದಿ ಗುರುವಿಗೂ ಬರುತ್ತದೆ. ಕಲಿಸುವುದರ ಲಾಭವೆಂದು ನಾನು ಹೇಳಬಯಸುವುದು ಇದನ್ನೇ: ಕಸುಬುದಾರನಿಗೆ ತನ್ನ ಕೈಯ ದೋಷವನ್ನು ಕಾಣಲು ಬೇರೆ ದಾರಿ ಸುಲಭವಾಗಿ ಸಿಗುವುದಿಲ್ಲ.

[ಪರದೆಯ ಮೇಲೆ: ಹಳೆಯ ಲಂಡನ್ನಿನ ನಕ್ಷೆ, ಲ್ಯಾಂಬೆತ್]

ಈ ಮೂರು ಫಲಕಗಳ ವಿಧಾನವನ್ನು ಪ್ರಸಿದ್ಧಿಗೆ ತಂದವನು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್. ಸಮತಲಗಳನ್ನು ಪುಡಿ ಹಾಕಿ ಅರೆಯುವ ಬದಲು ಕೆರೆದು ಮಾಡಬೇಕೆಂದು 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯೊಂದರಲ್ಲಿ ಅವನು ವಿವರಿಸಿದ. ಆದರೆ ಅವನು ಕೈ ಪಳಗಿಸಿಕೊಂಡದ್ದು ಲಂಡನ್ನಿನ ಹೆನ್ರಿ ಮಾಡ್‌ಸ್ಲಿಯ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸಗಾರರ ಬೆಂಚುಗಳ ಮೇಲೆ ಸಮತಲ ಫಲಕಗಳು ಆಗಲೇ ಇದ್ದವು. ಅದೇ ಕಾರ್ಖಾನೆಯಲ್ಲಿ ದುಡಿದವರಲ್ಲಿ ರಿಚರ್ಡ್ ರಾಬರ್ಟ್ಸ್ 1817ರಲ್ಲಿ ಲೋಹವನ್ನು ಹೆರೆದು ಸಮ ಮಾಡುವ ಪ್ಲೇನಿಂಗ್ ಯಂತ್ರ ಕಟ್ಟಿದ, ಜೋಸೆಫ್ ಕ್ಲೆಮೆಂಟ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರದ ಭಾಗಗಳನ್ನು ತಯಾರಿಸಿದ, ಜೇಮ್ಸ್ ನ್ಯಾಸ್ಮಿತ್ 1842ರಲ್ಲಿ ಹಬೆ ಸುತ್ತಿಗೆಗೆ ಪೇಟೆಂಟ್ ಪಡೆದ. ವಿಟ್‌ವರ್ತನೇ 1841ರಲ್ಲಿ ಸ್ಕ್ರೂಗಳಿಗೆ 55 ಡಿಗ್ರಿ ಕೋನದ ಏಕರೂಪದ ಥ್ರೆಡ್ (ಸುರುಳಿ ಗೀರು) ಸೂಚಿಸಿದ. ಒಂದೇ ಕಾರ್ಖಾನೆಯಿಂದ ಇಷ್ಟು ಜನ!

ಆದರೂ ಮಾಡ್‌ಸ್ಲಿ ಎಲ್ಲರನ್ನೂ ಕರೆದು ಕಲಿಸುವ ಉದಾರಿಯಾಗಿರಲಿಲ್ಲ. ಶುಲ್ಕ ಕಟ್ಟಿ ಬರುತ್ತಿದ್ದ ಶಿಷ್ಯರಿಂದ ಬೇಸತ್ತು, ಅಂಥವರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದ. 1829ರಲ್ಲಿ, ಇಪ್ಪತ್ತರ ಹರೆಯದ ನ್ಯಾಸ್ಮಿತ್ ತಾನೇ ಮಾಡಿದ ಹಬೆ ಎಂಜಿನ್ನಿನ ಮಾದರಿಯನ್ನೂ ನಕ್ಷೆಗಳನ್ನೂ ತಂದು ತೋರಿಸಿದಾಗ ಮಾಡ್‌ಸ್ಲಿಯ ಮನಸ್ಸು ಬದಲಾಯಿತು. ವಾರಕ್ಕೆ 10 ಷಿಲಿಂಗ್ ಕೊಟ್ಟು ತನ್ನ ಖಾಸಗಿ ಸಹಾಯಕನನ್ನಾಗಿ ಇಟ್ಟುಕೊಂಡ. ಎರಡು ವರ್ಷ ತುಂಬುವ ಮೊದಲೇ, 1831ರಲ್ಲಿ, ಮಾಡ್‌ಸ್ಲಿ ತೀರಿಕೊಂಡ. ಅವನು ಕೆಲಸ ಮಾಡುತ್ತಿದ್ದ ರೀತಿಯ ಬಗ್ಗೆ ನಮಗೆ ಇಂದು ಗೊತ್ತಿರುವುದರಲ್ಲಿ ಬಹುಪಾಲು, ಈ ಕೊನೆಯ ಶಿಷ್ಯ ಮುಪ್ಪಿನಲ್ಲಿ ಬರೆದಿಟ್ಟ ನೆನಪುಗಳಿಂದ ಬಂದದ್ದು.

ಫಲಕಗಳೇ ಅರ್ಧ ಸಮಯ ನುಂಗಿದ್ದರಿಂದ ಉಳಿದ ಮೂರು ಮಾತುಗಳನ್ನು ಒಟ್ಟಿಗೆ ಹೇಳುತ್ತೇನೆ. 2009ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನ ಪಾತ್ರವೊಂದಕ್ಕೆ ಪಾಠ ಹೇಳಿಕೊಡಬೇಕೆಂದು ಕಲಿತ ಮಕ್ಕಳು, ತಮಗಾಗಿ ಮಾತ್ರ ಕಲಿತ ಮಕ್ಕಳಿಗಿಂತ ಹೆಚ್ಚು ಹೊತ್ತು ಕಲಿಕೆಯಲ್ಲಿ ತೊಡಗಿದ್ದರು. ಬೀದರಿನ ಬಿದರಿ ಕೆಲಸದಲ್ಲಿ, ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಕಪ್ಪಾಗಿಸಲು ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸುತ್ತಾರೆ. ಆ ಮಣ್ಣು ಸರಿಯಾದದ್ದೇ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ರುಚಿಯನ್ನು ಯಾವ ಪಠ್ಯದಲ್ಲಿ ಬರೆಯುವುದು? ಗುರುವೂ ಶಿಷ್ಯನೂ ಜೊತೆಯಾಗಿ ಮಣ್ಣು ನೆಕ್ಕಬೇಕು, ಅದೇ ಪಠ್ಯ. ಇನ್ನು ಹಣದ ಮಾತು: ಗುರುವನ್ನು ದೇವರೆಂದು ಹೊಗಳಿ, ಸಂಬಳದ ಪ್ರಸ್ತಾಪ ಬಂದಾಗ ಮೌನವಾಗುವ ನಮ್ಮ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ನಾನು ಇಷ್ಟು ಹೊತ್ತು ವಿವರಿಸಿದ ಲಾಭ ಸಂಬಳದ ಜೊತೆಗೆ ಬರಬೇಕಾದದ್ದು, ಅದರ ಬದಲಿಗೆ ಕೊಡುವಂಥದ್ದಲ್ಲ.

ಈ ಸ್ಕ್ರಿಪ್ಟನ್ನು ಪ್ರಶ್ನೆ ಕಳುಹಿಸಿದ ಮೇಷ್ಟ್ರಿಗೆ ಮೊದಲೇ ಓದಲು ಕೊಟ್ಟಿದ್ದೆ. ಅವರು ಎರಡೇ ಸಾಲು ಬರೆದರು. ಹೊಸ ಬ್ಯಾಚ್ ಬರುವ ಹಿಂದಿನ ದಿನ ತಾವೊಬ್ಬರೇ ವರ್ಕ್‌ಶಾಪಿಗೆ ಹೋಗಿ, ಒಂದು ತುಂಡನ್ನು ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರಂತೆ. ಪ್ರತಿ ವರ್ಷವೂ ಒಂದು ಮೂಲೆಯಲ್ಲಿ ಸ್ವಲ್ಪ ಬೆಳಕು ನುಸುಳುತ್ತದಂತೆ, ಯಾವ ಮೂಲೆ ಎಂಬುದನ್ನು ಮಾತ್ರ ಹುಡುಗರಿಗೆ ಹೇಳುವುದಿಲ್ಲವಂತೆ.