ಪರ್ಮಿಟ್ ಬಂತು, ಇನ್ನು ಸಂಬಳದ ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬದಿಯಡ್ಕಕ್ಕೆ ಇಷ್ಟು ಜನ ಬಂದಿದ್ದೀರಿ ಅಂದರೆ ವಿಷಯ ಸಂಬಳದ್ದು ಅಂತಲೇ ಬಂದದ್ದು, ನನ್ನ ಮಾತು ಕೇಳುವ ಆಸೆಯಿಂದ ಅಲ್ಲ. ಹಾಗಾಗಿ ಪೀಠಿಕೆ ಬೇಡ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಎಲೆಕ್ಟ್ರಿಕಲ್ ಕೆಲಸದವರು. ಐಟಿಐ ಮುಗಿಸಿ ಯಾವುದೋ ಕಂಟ್ರಾಕ್ಟರ್ ಕೈಕೆಳಗೆ ಸೇರಿ, ಗೋಡೆ ಕೊರೆದು, ಪೈಪ್ ಹಾಕಿ, ಈಗ ಕೇರಳ ಲೈಸೆನ್ಸಿಂಗ್ ಬೋರ್ಡಿನಿಂದ ವೈರ್‌ಮ್ಯಾನ್ ಪರ್ಮಿಟ್ ಪಡೆದವರು. ಪರ್ಮಿಟ್ ಬಂದು ಆರು ತಿಂಗಳಾದರೂ ದಿನದ ಸಂಬಳ ಹಳೆಯದೇ. ಕೇಳೋಣ ಅಂದರೆ ಹೇಗೆ ಕೇಳುವುದು ಗೊತ್ತಿಲ್ಲ. ಕೇಳಿದವರಿಗೆ ಸಿಕ್ಕಿದ ಉತ್ತರವೂ ನನಗೆ ಗೊತ್ತು: "ಪರ್ಮಿಟ್ ಬಂತು ಅಂತ ನಿನ್ನ ಕೈ ಬದಲಾಯ್ತಾ ಮಾರಾಯ?"

ಧಣಿ ಕೇಳುವ ಈ ಪ್ರಶ್ನೆ ಸುಮ್ನೆ ತಮಾಷೆಯದ್ದಲ್ಲ, ಅದರಲ್ಲಿ ಅರ್ಧ ನಿಜ ಇದೆ. ನಿನ್ನೆ ನೀವು ಎಳೆಯುತ್ತಿದ್ದ ವೈರನ್ನೇ ಇವತ್ತೂ ಎಳೆಯುತ್ತೀರಿ. ಕಲಿಯಲು ನೀವು ಪಟ್ಟ ಕಷ್ಟಕ್ಕೆ, ರಾತ್ರಿ ಕೂತು ಓದಿದ್ದಕ್ಕೆ, ಕಟ್ಟಿದ ಫೀಸಿಗೆ ಅವರು ದುಡ್ಡು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಹಾಗಾದರೆ ಯಾವುದಕ್ಕೆ ಕೊಡಬೇಕು? ನಿಮ್ಮ ಪರ್ಮಿಟ್ ಇರುವುದರಿಂದ ಅವರಿಗೆ ನಿನ್ನೆ ಆಗದ ಯಾವ ಕೆಲಸ ಇವತ್ತು ಆಗುತ್ತದೆ, ಅದಕ್ಕೆ. ಸಂಬಳದ ಮಾತು ಅಲ್ಲಿಂದ ಶುರುವಾಗಬೇಕು.

ಕಾನೂನಿನ ಪ್ರಕಾರ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಿಸಬೇಕು, ಕೆಲಸ ಮಾಡುವವರ ಹತ್ತಿರ ಪರ್ಮಿಟ್ ಇರಬೇಕು. ಹೊಸ ಮನೆಗೆ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಕನೆಕ್ಷನ್ ಬೇಕಾದರೆ ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿದ್ದೇವೆ ಅನ್ನುವ ರಿಪೋರ್ಟಿಗೆ ಅರ್ಹತೆ ಇದ್ದವರು ಸಹಿ ಹಾಕಬೇಕು. ನಿಮ್ಮ ಸೈಟ್‌ಗಳಲ್ಲಿ ಇದುವರೆಗೆ ಆ ಸಹಿ ಯಾರು ಹಾಕುತ್ತಿದ್ದರು ನೋಡಿ. ಎಷ್ಟೋ ಕಡೆ ಮೇಸ್ತ್ರಿ ಇನ್ನೊಂದು ಊರಿನ ಪರ್ಮಿಟ್‌ದಾರನನ್ನು ಹುಡುಕಿ, ಅವನಿಗೆ ಕಾದು, ಅವನಿಗಿಷ್ಟು ಕೊಟ್ಟು ಕೆಲಸ ಮುಗಿಸುತ್ತಾರೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿರುತ್ತದೆ, ದುಬೈಯಿಂದ ರಜೆಗೆ ಬಂದ ಮನೆಯವರು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿರುತ್ತಾರೆ, ಇತ್ತ ಸಹಿ ಹಾಕುವವನು ಸಿಗುವುದಿಲ್ಲ. ಈ ತಲೆಬಿಸಿ ತಪ್ಪುತ್ತದಲ್ವಾ, ಅದಕ್ಕೊಂದು ಬೆಲೆ ಇದೆ. ಅದನ್ನು ಅವರೇ ಲೆಕ್ಕ ಹಾಕಿ ಹೇಳುತ್ತಾರೆ ಅಂತ ಕಾಯಬೇಡಿ. ನೀವು ಹೇಳಿ.

ಹೇಳುವುದು ಹೀಗೆ ಇರಲಿ: "ಕೈ ಅದೇ ಧಣಿ. ಆದರೆ ಇನ್ನು ರಿಪೋರ್ಟಿಗೆ ಹೊರಗಿನವರನ್ನು ಕಾಯಬೇಕಾಗಿಲ್ಲ. ಟೆಸ್ಟಿಂಗ್ ನಾನೇ ನಿಂತು ಮಾಡುತ್ತೇನೆ. ಈಗ 900 ಕೊಡುತ್ತೀರಿ, 1,150 ಮಾಡಿ." ಮೊತ್ತವನ್ನು ನಾನು ಸುಮ್ನೆ ಉದಾಹರಣೆಗೆ ಹೇಳಿದೆ, ನಿಮ್ಮದು ಬೇರೆ ಇರಬಹುದು. ಆದರೆ ಮೊತ್ತ ಹೇಳಲೇಬೇಕು. "ಸ್ವಲ್ಪ ನೋಡಿ ಮಾಡಿ" ಅಂದರೆ ಅವರು ಸ್ವಲ್ಪವೇ ನೋಡುತ್ತಾರೆ, ಐವತ್ತು ರೂಪಾಯಿ ಮಾಡುತ್ತಾರೆ, ಮತ್ತೆ ಎರಡು ವರ್ಷ ನೀವು ಬಾಯಿ ತೆರೆಯುವ ಹಾಗಿಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸಂಬಳ ಜಾಸ್ತಿ ಮಾಡುವ ಬದಲು ಕೆಲವರು ಬೇರೆ ದಾರಿ ತೋರಿಸುತ್ತಾರೆ. "ಸಂಬಳ ಹಾಗೇ ಇರಲಿ, ಒಂದೊಂದು ಸಹಿಗೆ ಇಂತಿಷ್ಟು ಕೊಡುತ್ತೇನೆ, ನೀನು ಸೈಟಿಗೆ ಬರುವುದೂ ಬೇಡ." ಕೇಳಲು ಬಹಳ ಚೆಂದ. ಕೂತಲ್ಲೇ ದುಡ್ಡು. ದಯವಿಟ್ಟು ಒಪ್ಪಬೇಡಿ. ಆ ಸಹಿಯ ಅರ್ಥ ನೀವು ಅಲ್ಲಿ ಹೋಗಿ ಅರ್ತಿಂಗ್ ನೋಡಿದ್ದೀರಿ, ಮೆಗ್ಗರ್ ಮೀಟರ್ ಹಿಡಿದು ಇನ್ಸುಲೇಷನ್ ಪರೀಕ್ಷಿಸಿದ್ದೀರಿ, ಕರೆಂಟ್ ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಸ್ವಿಚ್ ಟ್ರಿಪ್ ಆಗುತ್ತದೆ ಅಂತ ಖಾತ್ರಿ ಮಾಡಿದ್ದೀರಿ ಅಂತ. ನಾಳೆ ಬಾತ್ರೂಮಿನ ಗೀಸರಿನಲ್ಲಿ ಯಾರಿಗೋ ಶಾಕ್ ಹೊಡೆದರೆ ಇಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟಿನವರು ಬಂದು ಮೊದಲು ಕೇಳುವುದು ಸಹಿ ಯಾರದ್ದು ಅಂತ. ಪರ್ಮಿಟ್ ಹೋಗಬಹುದು, ಕೇಸೂ ಬೀಳಬಹುದು. ಆಗ ಧಣಿ ನಿಮ್ಮ ಪಕ್ಕ ನಿಲ್ಲುತ್ತಾರೆ ಅಂತ ನಂಬಬೇಡಿ. ಜವಾಬ್ದಾರಿ ನಿಮ್ಮ ಮೇಲೆ ಬರುತ್ತದೆ ಅನ್ನುವುದೇ ಸಂಬಳ ಜಾಸ್ತಿ ಕೇಳಲು ನಿಮಗಿರುವ ದೊಡ್ಡ ಕಾರಣ. ಅದನ್ನೇ ಒಂದೊಂದು ಸಹಿಗೆ ಇಷ್ಟು ಅಂತ ಮಾರಿಬಿಟ್ಟರೆ ಆಮೇಲೆ ಕೇಳಲು ಏನು ಉಳಿಯುತ್ತದೆ?

ಇನ್ನು ಹೆದರಿಸುವ ವಿಷಯ. "ಕೊಡದಿದ್ದರೆ ಗಲ್ಫಿಗೆ ಹೋಗುತ್ತೇನೆ." ಕಾಸರಗೋಡಿನಲ್ಲಿ ಈ ಮಾತು ಕೇಳದ ಕಂಟ್ರಾಕ್ಟರ್ ಯಾರಿದ್ದಾರೆ ಹೇಳಿ! ಅವರ ತಮ್ಮನೇ ಅಲ್ಲಿರುತ್ತಾನೆ, ಅಲ್ಲಿನ ಸಂಬಳ ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಕೈಯಲ್ಲಿ ವೀಸಾ ಇಲ್ಲದೆ ಈ ಮಾತು ಆಡಬೇಡಿ. "ಮಂಗಳೂರಿಗೆ ಹೋಗುತ್ತೇನೆ" ಅನ್ನುವುದು ಸ್ವಲ್ಪ ಹೆಚ್ಚು ತೂಕದ ಮಾತು, ಬೈಕಂಪಾಡಿಯಲ್ಲಿ ಕಾರ್ಖಾನೆಗಳಿವೆ, ರೈಲೂ ಇದೆ. ಆದರೆ ಅಲ್ಲೂ ಒಂದು ಗಂಟು ಇದೆ. ಐಟಿಐ ಮುಗಿಸಿದವರಿಗೆ ಸಿಗುವ ಎನ್‌ಟಿಸಿ ಸರ್ಟಿಫಿಕೇಟ್ ದೇಶಕ್ಕೆಲ್ಲ ಸಲ್ಲುತ್ತದೆ. ವೈರ್‌ಮ್ಯಾನ್ ಪರ್ಮಿಟ್ ಹಾಗಲ್ಲ, ಅದು ರಾಜ್ಯ ಕೊಡುವಂಥದ್ದು. ಇದನ್ನು ಹಿಡಿದುಕೊಂಡು ತಲಪಾಡಿ ಗಡಿ ದಾಟಿದರೆ ಕರ್ನಾಟಕದ ಕಂಟ್ರಾಕ್ಟರಿಗೆ ನಿಮ್ಮ ಸಹಿಯಿಂದ ಇದೇ ಉಪಯೋಗ ಆಗುತ್ತದೆ ಅಂದುಕೊಳ್ಳಬೇಡಿ, ಅಲ್ಲಿನ ನಿಯಮ ಮೊದಲು ವಿಚಾರಿಸಿ. ಕೇರಳದ ಪರ್ಮಿಟಿಗೆ ಜಾಸ್ತಿ ಬೆಲೆ ಇರುವುದು ಮಂಜೇಶ್ವರದಿಂದ ಈಚೆಗೇ. ಅದಕ್ಕೇ ಹೇಳುವುದು, ಹೋಗುವುದಾದರೆ ಕುಂಬಳೆಯಲ್ಲೋ ಕಾಸರಗೋಡು ಪೇಟೆಯಲ್ಲೋ ಇನ್ನೊಬ್ಬ ಕಂಟ್ರಾಕ್ಟರ್ ಪರ್ಮಿಟ್ ಇದ್ದವನಿಗೆ ಎಷ್ಟು ಕೊಡುತ್ತಾನೆ ಅಂತ ತಿಳಿದುಕೊಳ್ಳಿ. ಆ ಒಂದು ಮೊತ್ತ ಗಲ್ಫಿನ ಹತ್ತು ಕಥೆಗಿಂತ ಕೆಲಸಕ್ಕೆ ಬರುತ್ತದೆ. ಇತ್ತೀಚೆಗೆ ಸೋಲಾರ್ ಹಾಕುವವರೂ ಜನ ಹುಡುಕುತ್ತಿದ್ದಾರೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಅಂತಾದ ಮೇಲೆ ಮನೆಮಾಡಿನ ಮೇಲಿನ ಕೆಲಸ ಹೆಚ್ಚಾಗಿದೆ. ಅವರ ಹತ್ತಿರವೂ ಕೇಳಿ ನೋಡಿ.

ಯಾವಾಗ ಕೇಳುವುದು? ಆಟಿ ತಿಂಗಳಲ್ಲಿ ಕೇಳಬೇಡಿ. ಹೊರಗೆ ಧೋ ಅಂತ ಮಳೆ, ಸೈಟ್ ನಿಂತಿದೆ, ಧಣಿಯೇ ಬಾಕಿ ವಸೂಲಿಗೆ ಓಡಾಡುತ್ತಿದ್ದಾರೆ, ಆಗ ಕೇಳಿದರೆ ಇಲ್ಲ ಅನ್ನದೆ ಇನ್ನೇನು ಹೇಳುತ್ತಾರೆ. ದೀಪಾವಳಿ ಕಳೆದು ಕೆಲಸ ಏರುವಾಗ, ಹೊಸ ಮನೆಯ ಎಸ್ಟಿಮೇಟ್ ಬರೆಯುವ ಮೊದಲು ಕೇಳಿ. ಎಸ್ಟಿಮೇಟ್ ಬರೆದಾದ ಮೇಲೆ ನಿಮಗೆ ಕೊಡುವ ಹೆಚ್ಚುವರಿ ಅವರ ಜೇಬಿನಿಂದ ಹೋಗುತ್ತದೆ, ಮೊದಲೇ ಕೇಳಿದರೆ ಅದು ಮನೆಯವರ ರೇಟಿನಲ್ಲಿ ಸೇರಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ಬಹಳ ಜನ ಇದನ್ನು ಯೋಚಿಸುವುದಿಲ್ಲ. ಹಾಗೇ ಬೇರೆ ಹುಡುಗರ ಎದುರು ಕೇಳಬೇಡಿ. ನಿಮಗೊಬ್ಬರಿಗೆ ಹೂಂ ಅಂದರೆ ಎಲ್ಲರಿಗೂ ಅನ್ನಬೇಕಾಗುತ್ತದೆ ಅಂತ ಅವರಿಗೆ ಹೆದರಿಕೆ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇನ್ನೊಂದು ಸಂಕೋಚ ಇದೆ, ನನಗೆ ಗೊತ್ತು. ಸೈಟಿನಲ್ಲಿ ಮಲಯಾಳ ಸಲೀಸಾಗಿ ಮಾತಾಡುತ್ತೀರಿ, ಆಫೀಸಿನೊಳಗೆ ಕೂತು ಹಣದ ಮಾತು ಬಂದರೆ ನಾಲಗೆ ತಡವರಿಸುತ್ತದೆ. ಹೇಳಬೇಕಾದ ಮೂರು ನಾಲ್ಕು ವಾಕ್ಯ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ. ಧಣಿಗೆ ತುಳು ಬರುತ್ತದೆ ಅಂತಾದರೆ ತುಳುವಿನಲ್ಲೇ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಕಂಪನಿಯಲ್ಲಿ ತಿಂಗಳ ಸಂಬಳಕ್ಕೆ ಇರುವವರಿಗೆ ಬೇರೆ ಲೆಕ್ಕ. ಮೊತ್ತ ಎಷ್ಟು ಏರಿತು ಅನ್ನುವುದರ ಜೊತೆಗೆ ಎಲ್ಲಿ ಏರಿತು ಅಂತಲೂ ನೋಡಿ. ಪಿಎಫ್ 12 ಶೇಕಡಾ ಹಿಡಿಯುವುದು ಬೇಸಿಕ್ ಮತ್ತು ತುಟ್ಟಿಭತ್ತೆ (ಡಿಎ) ಮೇಲೆ. ಹೆಚ್ಚಳವನ್ನೆಲ್ಲ ಬೇರೆ ಭತ್ತೆ ಅಂತ ತೋರಿಸಿದರೆ ಮುಂದಿನ ಉಳಿತಾಯ ಅಲ್ಲೇ ನಿಲ್ಲುತ್ತದೆ. ಇಎಸ್‌ಐಗೆ, ಅಂದರೆ ನೌಕರರ ಚಿಕಿತ್ಸೆಯ ವಿಮೆಗೆ, ತಿಂಗಳ ಸಂಬಳ 21,000 ರೂಪಾಯಿಯ ಮಿತಿ ಇದೆ. ನಿಮ್ಮದು 20,500 ಇದ್ದು 21,500 ಆಯಿತು ಅನ್ನಿ, ಕಂತು ಕಟ್ಟುವ ಅವಧಿ, ಅದರ ಸೌಲಭ್ಯದ ಅವಧಿ ಮುಗಿದ ಮೇಲೆ ಇಎಸ್‌ಐ ಹೋಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮನ ಔಷಧಿಗೆ ಅದನ್ನೇ ನಂಬಿದ್ದರೆ ಒಂದು ಸಾವಿರ ಸಿಕ್ಕಿಯೂ ನಷ್ಟವೇ. ಆಗ ಇನ್ನೂ ಸ್ವಲ್ಪ ಮೇಲೆ ಕೇಳಿ, ಇಲ್ಲವೇ ಕುಟುಂಬಕ್ಕೆ ವಿಮೆ ಮಾಡಿಸಿಕೊಡಿ ಅನ್ನಿ. ಐದಾರು ಜನರ ಸಣ್ಣ ಅಂಗಡಿಯಲ್ಲಿ ಸಾಮಾನ್ಯವಾಗಿ ಇದು ಯಾವುದೂ ಇರುವುದಿಲ್ಲ, ಅಲ್ಲಿ ಕೈಗೆ ಬರುವುದೇ ಎಲ್ಲ, ಹಾಗಾಗಿ ದಿನದ ರೇಟೇ ಗಟ್ಟಿ ಮಾಡಿಕೊಳ್ಳಬೇಕು.

"ವಿಷು ಕಳೆಯಲಿ, ನೋಡೋಣ" ಅಂದರೆ ಜಗಳ ಬೇಡ. "ಆಗಲಿ ಧಣಿ, ವಿಷು ಕಳೆದ ಮೇಲೆ 1,150 ಅಲ್ವಾ" ಅಂತ ಅವತ್ತು ಸಂಜೆಯೇ ಒಂದು ವಾಟ್ಸಾಪ್ ಹಾಕಿಬಿಡಿ, ಮರ್ಯಾದೆಯಿಂದಲೇ. ಎರಡು ನೀಲಿ ಗೆರೆ ಬಂದರೆ ಸಾಕು.

ಕೊನೆಗೆ, ಒಪ್ಪಂದ ಆದ ಖುಷಿಯಲ್ಲಿ ಪರ್ಮಿಟಿನ ಅಸಲು ಪ್ರತಿ ಆಫೀಸಿನ ಬೀರುವಿನಲ್ಲಿ ಇಟ್ಟು ಬರಬೇಡಿ. "ಲೈಸೆನ್ಸ್ ರಿನ್ಯೂವಲ್‌ಗೆ ಬೇಕು, ಇಲ್ಲೇ ಇರಲಿ" ಅನ್ನುತ್ತಾರೆ. ಜೆರಾಕ್ಸ್ ಕೊಡಿ, ಅಸಲು ತೋರಿಸಬೇಕಾದ ದಿನ ನೀವೇ ಹಿಡಿದುಕೊಂಡು ಹೋಗಿ. ನಿಮ್ಮ ಪರ್ಮಿಟ್ ನವೀಕರಿಸುವ ಖರ್ಚು ಯಾರದ್ದು ಅಂತಲೂ ಅದೇ ದಿನ ಮಾತಾಡಿಕೊಳ್ಳಿ. ಅಲ್ಲಿ ಹಿಂದೆ ಕೈ ಎತ್ತಿದ್ದೀರಿ, ಕೇಳಿ, ಏನು ಪ್ರಶ್ನೆ?